ಒಂದು ವರ್ಷದ ಮಾರಾಟ

೫ ಸೆಪ್ಟೆಂಬರ್ ೨೦೨೧, ಭಾನುವಾರ

ಬೆಳಿಗ್ಗೆ ಒಂದು ಬುಟ್ಟಿ ಅಂಜೂರ ಬಿಡಿಸಿದೆ. ಕೋಳಿಗೆ ಕಾಳು ಹಾಕಿದೆ. ಹತ್ತು ಗಂಟೆಗೆ ಆಲಿವ್ ತೋಪು ಮಾರಿದೆ.

ಏಳು ವರ್ಷಕ್ಕೊಮ್ಮೆ ಈ ನಾಟಕ. ದೇವರು ನೆಲಕ್ಕೆ ರಜೆ ಕೊಟ್ಟ ವರ್ಷ, ಯಹೂದಿಯ ನೆಲದಲ್ಲಿ ಗೇಯುವಂತಿಲ್ಲ. ಪರಧರ್ಮದವನಿಗೆ ಮಾರಿಬಿಟ್ಟರೆ ನೆಲ ನಮ್ಮದಲ್ಲ, ಪಾಪವೂ ನಮ್ಮದಲ್ಲ. ವರ್ಷ ಮುಗಿದ ಮೇಲೆ ವಾಪಸ್. ಬೇರೆ ಊರಿನವರು ಪೇಪರಿಗೆ ಸಹಿ ಹಾಕಿ ಪೇಟೆಗೆ ಕಳಿಸುತ್ತಾರೆ, ಕೊಂಡವನ ಮುಖವನ್ನೂ ನೋಡುವುದಿಲ್ಲ. ನಮ್ಮ ಧರ್ಮಗುರು ರಬ್ಬಿ ಹಲೀವಾ ಹಟಮಾರಿ. ಎದುರೆದುರು ಕೂತೇ ಮಾರಬೇಕು, ಇಲ್ಲದಿದ್ದರೆ ದೇವರಿಗೇ ಟೋಪಿ ಹಾಕಿದಂತೆ ಎನ್ನುತ್ತಾರೆ.

ಈ ಸಲ ಕೊಂಡವನು ಫಾದೆಲ್. ಇಪ್ಪತ್ತು ವರ್ಷದಿಂದ ನನ್ನ ತೋಪಿನಲ್ಲಿ ದುಡಿಯುವ ಅರಬ. ಕೊಳ್ಳುವವನು ಬಟ್ಟೆ ಚಾಚಬೇಕು, ಮಾರುವವಳು ತುದಿ ಹಿಡಿದೆತ್ತಬೇಕು — ಅಷ್ಟಕ್ಕೆ ನೆಲ ಕೈ ಬದಲಾಯಿಸುತ್ತದೆ. ಫಾದೆಲ್ ಬಳಿ ಕರವಸ್ತ್ರ ಇರಲಿಲ್ಲ. ಜೊತೆಗೆ ಬಂದಿದ್ದ ಅವನ ತಂದೆ, ತೊಂಬತ್ತರ ಮುದುಕ, ತಲೆವಸ್ತ್ರ ಬಿಚ್ಚಿಕೊಟ್ಟ. ತಂಬಾಕು, ಬೆವರು, ಸೌದೆ ಹೊಗೆ... ಎಲ್ಲ ವಾಸನೆ ಅದರಲ್ಲಿ. ಬರಿತಲೆಯಲ್ಲಿ ಮುದುಕ ಮಗುವಿನಂತೆ ಕಂಡ.

“ನಮ್ಮಪ್ಪ ಈ ನೆಲಾನ ಯಾರಿಗೂ ಮಾರಿರ್ಲಿಲ್ಲ ಕಣಮ್ಮ,” ಅಂದ ಮುದುಕ. “ಆದ್ರೂ ಇವತ್ತು ಕೊಂಡ್ಕೊಂಡ್ವಿ ನೋಡು.”

ಎಲ್ಲರೂ ನಕ್ಕೆವು. ವಸ್ತ್ರ ನೀನೇ ಇಟ್ಟುಕೋ, ಗುರುತಿಗಿರಲಿ, ವಾಪಸ್ ಮಾಡುವ ದಿನ ಕೊಡು ಅಂದ. ಕಪಾಟಿನಲ್ಲಿಟ್ಟಿದ್ದೇನೆ.

೧೭ ಅಕ್ಟೋಬರ್, ಮಧ್ಯಾಹ್ನ ೩

ಕೊಯ್ಲು ಶುರು. ಮುದುಕ ಎಂದಿನಂತೆ ಹಳೆಯ ಮರದ ಕೆಳಗೆ ಕೂತಿದ್ದ. ರೊಟ್ಟಿ, ಈರುಳ್ಳಿ, ತೂಕಡಿಕೆ. ನಾನೂ ಪಕ್ಕದಲ್ಲಿ ತೂಕಡಿಸಿದೆ. ಕನಸಿನಲ್ಲಿ ಝಾಖೋ. ಇರಾಕಿನ ಆ ಊರು ಬಿಟ್ಟಾಗ ನಾನು ಕೈಗೂಸು. ಆದರೂ ಹೊಳೆ, ಕಲ್ಲಿನ ಸೇತುವೆ, ಅಜ್ಜನ ಅಂಜೂರದ ತೋಟ ಎಲ್ಲ ತಪ್ಪಿಲ್ಲದೆ ಬರುತ್ತದೆ. ಅಮ್ಮ ಹೇಳಿ ಹೇಳಿ ಕಣ್ಣಿಗೆ ಕಟ್ಟಿದ್ದು. ಆ ಹಣ್ಣು ಈಗ ಯಾರು ತಿನ್ನುತ್ತಾರೋ.

ಎಚ್ಚರವಾದಾಗ ಮುದುಕ ಕೋಲಿನಿಂದ ನೆಲದಲ್ಲಿ ಗೆರೆ ಎಳೆಯುತ್ತಿದ್ದ. ಇದು ಬಾಗಿಲು, ಇದು ಅಡುಗೆಮನೆ, ಇಲ್ಲಿ ಅಮ್ಮನ ಒಲೆ. ನಮ್ಮ ದೇಶ ಹುಟ್ಟಿದ ನಲವತ್ತೆಂಟರ ಯುದ್ಧದಲ್ಲಿ ಈ ಮನೆ ಬಿಟ್ಟು ಹೊರಟಾಗ ಅವನಿಗೆ ಹದಿನೇಳು. ಈಗ ಬೇಲಿ ಕಟ್ಟಿರುವುದು ಆ ಮನೆಯ ಕಲ್ಲಿನಲ್ಲೇ. ನನಗೆ ಗೊತ್ತಿತ್ತು. ಅವನನ್ನೆಂದೂ ಕೇಳಿರಲಿಲ್ಲ.

“ನಿಂಗೆ ನಿನ್ನ ದೇವ್ರು ಕೊಟ್ಟ ಅಂತೀಯ. ನಂಗೆ ನಮ್ಮಜ್ಜ ಕೊಟ್ಟ. ಹೋಗಿ ಕೇಳ್ಕೊಂಡ್ ಬರೋಣ ಅಂದ್ರೆ ಇಬ್ರೂ ಸಿಗಲ್ಲ,” ಅಂದು ಮತ್ತೆ ಕಣ್ಣು ಮುಚ್ಚಿದ.

೩೧ ಅಕ್ಟೋಬರ್

ನಿನ್ನೆ ಸಬ್ಬತ್, ವಾರದ ವಿಶ್ರಾಂತಿ ದಿನ, ಬರೆಯುವಂತಿರಲಿಲ್ಲ. ಮಂದಿರದಲ್ಲಿ ಓದಿದ್ದು ನಮ್ಮ ಕುಲದ ಮೂಲಪುರುಷನ ಹೆಂಡತಿ ಸತ್ತ ಪಾಠ. ದೇವರು ಇಡೀ ನಾಡನ್ನೇ ಕೊಡುತ್ತೇನೆಂದಿದ್ದ, ಆದರೆ ಹೆಣ ಹೂಳಲು ಅವನಿಗೆ ಗೇಣು ನೆಲ ಇರಲಿಲ್ಲ. ನಾನು ಪರದೇಶಿ, ಒಂದು ಗೋರಿಗೆ ಜಾಗ ಕೊಡಿ ಎಂದು ಊರವರ ಮುಂದೆ ತಲೆಬಾಗಿ ಕೊಂಡ. ಅದೇ ನಮ್ಮ ಮೊದಲ ಸ್ವಂತ ನೆಲ — ಒಂದು ಸಮಾಧಿ. ಎಪ್ಪತ್ತು ವರ್ಷ ಕೇಳಿದ ಪಾಠ. ನಿನ್ನೆ ಮಾತ್ರ ನಿದ್ದೆ ಬರಲಿಲ್ಲ. ಸಾಮಾನ್ಯವಾಗಿ ಓದುವ ನಡುವೆಯೇ ಬರುತ್ತದೆ.

೧೧ ಜನವರಿ ೨೦೨೨

ಚಳಿ. ಬೆಟ್ಟದ ಮೇಲೆ ಮಂಜು, ತೋಪು ತೇಲುತ್ತಿರುವಂತೆ ಇತ್ತು. ಫಾದೆಲ್ ಬಂದ. ಕೂರಲಿಲ್ಲ. ಅಪ್ಪ ಊಟ ಬಿಟ್ಟಿದ್ದಾನಂತೆ. ಹಳೆಯ ಮರದ ಕೆಳಗೆ ಮಲಗಬೇಕು ಅನ್ನುತ್ತಾನಂತೆ. ಯಾವ ಮಲಗುವುದು ಎಂದು ಹೇಳಬೇಕಾಗಿರಲಿಲ್ಲ.

“ಈ ವರ್ಷ ತೋಪು ನಂದು ಅಂತ ರಬ್ಬಿ ಹೇಳಿದ್ರಲ್ಲ,” ಅಂದ. “ನಿಜಕ್ಕೂ ನಂದಾ?”

ನೋಡೋಣ, ವರ್ಷ ಮುಗಿಯಲಿ ಅಂದುಬಿಟ್ಟೆ. ಎಂಥ ಮಾತು... ಅಪ್ಪ ಅಲ್ಲಿವರೆಗೆ ಕಾಯಲ್ಲ ಅಂದು ಹೊರಟ. ನನಗೆ ಭಯವಾಯಿತು. ಗೋರಿ ಒಂದು ವರ್ಷಕ್ಕೆಂದು ಬರುವುದಿಲ್ಲ. ಅದರ ಹಿಂದೆ ಮೊಮ್ಮಕ್ಕಳು ಬರುತ್ತಾರೆ, ಮರಿಮಕ್ಕಳು ಬರುತ್ತಾರೆ. ನನ್ನ ಗಂಡ ಶಬ್ತಾಯ್ ಕೈಯಾರೆ ನೆಟ್ಟ ಸಾಲುಗಳಿವೆ ಅಲ್ಲಿ. ನೆಲ ಹೋದೀತೆಂಬ ಭಯ ನನಗೆ. ಬೇರೆ ಹೆಸರಿಟ್ಟರೆ ಸುಳ್ಳಾಗುತ್ತದೆ.

೧೯ ಜನವರಿ, ಸಂಜೆ

ಬೆಳಗಿನ ಜಾವ ಮುದುಕ ಹೋದ. ಮಧ್ಯಾಹ್ನ ಹೆಣ ತಂದರು.

ಮೈದುನ ಒವಾದ್ಯ, ಊರ ಕಮಿಟಿಯ ಅಧ್ಯಕ್ಷ, ಗೇಟಿಗೆ ಟ್ರ್ಯಾಕ್ಟರ್ ಅಡ್ಡ ನಿಲ್ಲಿಸಿದ್ದ. ಮೂರು ಸಾವಿರ ವರ್ಷ ಕಾದು ಬಂದಿರುವ ನೆಲ ಇದು, ಮಾರಿದ್ದು ಬರೀ ಪೇಪರಿನಲ್ಲಿ ಅಂದ. ಫಾದೆಲ್ ಮತ್ತು ಅವನ ತಮ್ಮಂದಿರು ಹೆಣ ಹೊತ್ತು ನಿಂತಿದ್ದರು. ರಬ್ಬಿ ಕೋಲೂರಿಕೊಂಡು ಬಂದರು.

“ಬರೀ ಪೇಪರ್ರಾ? ಹಂಗಾದ್ರೆ ನಿಮ್ಮನೇಲಿರೋ ಎಣ್ಣೆ ಎಲ್ಲ ಚರಂಡಿಗೆ ಚೆಲ್ಲು. ದ್ರಾಕ್ಷಿ ತೋಟಕ್ಕೂ ಬೀಗ ಹಾಕು. ಮಾರಾಟ ಸುಳ್ಳಾದ್ರೆ ನಾವು ಈ ವರ್ಷ ತಿಂದಿದ್ದೆಲ್ಲ ಪಾಪದ್ದೇ, ಒವಾದ್ಯ.”

ಟ್ರ್ಯಾಕ್ಟರ್ ಹಿಂದಕ್ಕೆ ಹೋಗಲು ತುಂಬಾ ಹೊತ್ತು ಹಿಡಿಯಿತು. ಹಳೆಯ ಮರದ ಕೆಳಗೆ, ಒಲೆ ಇತ್ತೆಂದು ಗೆರೆ ಎಳೆದಿದ್ದನಲ್ಲ, ಅಲ್ಲಿಯೇ ತೋಡಿದರು. ನಾನು ಬೇಲಿಯ ಹತ್ತಿರ ನಿಂತಿದ್ದೆ. ಇಡೀ ದಿನ ಬಾಯಿ ಬಿಡಲಿಲ್ಲ. ನನ್ನ ತೋಪಿನ ಬಗ್ಗೆ ಎಲ್ಲರೂ ಮಾತಾಡಿದರು, ನನ್ನನ್ನು ಬಿಟ್ಟು.

೩ ಮೇ

ತೋಪಿನ ತುಂಬ ಕೆಂಪು ಹೂ. ಗೋರಿಯ ಮೇಲೂ. ಮಧ್ಯಾಹ್ನ ಹೋಗಿ ಕೂರುತ್ತೇನೆ, ನಿದ್ದೆ ಎಳೆಯುತ್ತದೆ. ಈಗ ಝಾಖೋ ಕನಸಿನಲ್ಲಿ ಮುದುಕನೂ ಬರುತ್ತಾನೆ. ಅಜ್ಜನ ಅಂಜೂರ ಬಿಡಿಸುತ್ತಿರುತ್ತಾನೆ, ಯಾರೂ ಬೈಯುವುದಿಲ್ಲ.

ಒವಾದ್ಯ ಹೇಳಿ ಹೋದ — ಸೆಪ್ಟೆಂಬರಿನಲ್ಲಿ ತೋಪು ವಾಪಸ್ ಬರಲಿ, ಮಾರನೆಯ ದಿನವೇ ಗೋರಿ ಎತ್ತಿಸುತ್ತಾನಂತೆ. ನಾನು ಬದುಕಿರುವಾಗ ಆಗದು ಅಂದೆ. ಕೊನೆಗೂ ಬಾಯಿ ಬಂತು.

ಕಪಾಟಿನಿಂದ ತಲೆವಸ್ತ್ರ ತೆಗೆದೆ. ಎಂಥ ಕೊಳೆ! ಎರಡು ಸಲ ಒಗೆದೆ. ಇಸ್ತ್ರಿ ಹಾಕಿ ಮಡಿಸಿಟ್ಟೆ. ಕೊಡುವಾಗ ಚೆನ್ನಾಗಿರಲಿ.

೨೯ ಸೆಪ್ಟೆಂಬರ್, ಬೆಳಿಗ್ಗೆ ೧೦

ಅಡುಗೆಮನೆಯಲ್ಲಿ ನಿಂತು ಬರೆಯುತ್ತಿದ್ದೇನೆ. ಕಾಫಿ ಒಲೆಯ ಮೇಲೆ. ವರಾಂಡದಲ್ಲಿ ರಬ್ಬಿ ಮತ್ತು ಫಾದೆಲ್.

“ವಾಪಸ್ ಬೇಕಾ, ನಈಮಾ?” ಅಂತ ಫಾದೆಲ್ ಕೇಳಿದ. ನೇರವಾಗಿ, ಕಣ್ಣು ನೋಡಿ.

ಬೇಕು ಅಂದೆ. ತಡವರಿಸಲಿಲ್ಲ. ನಾಚಿಕೆ ಆಮೇಲೆ ಬಂತು. ಮರದಡಿಯ ಆರು ಹೆಜ್ಜೆ ಬಿಟ್ಟು, ಅದು ನಿಮ್ಮದೇ ಆಗಿರಲಿ, ರಬ್ಬಿ ಪೇಪರಿನಲ್ಲಿ ಬರೆದಿದ್ದಾರೆ, ಒವಾದ್ಯ ಮುಟ್ಟುವ ಹಾಗಿಲ್ಲ ಎಂದೆಲ್ಲ ಹೇಳಿದೆ. ದೊಡ್ಡ ಉಪಕಾರ ಮಾಡಿದೆ ಅಂದುಕೊಂಡಿದ್ದೆ.

“ಆರು ಹೆಜ್ಜೆ,” ಅಂದ. “ಅಜ್ಜಿ ಅಡುಗೆಮನೇನೇ ಅದಕ್ಕಿಂತ ದೊಡ್ಡದಿತ್ತಂತೆ.”

ಈಗ ಕೊಳ್ಳುವವಳು ನಾನು, ಬಟ್ಟೆ ಚಾಚಬೇಕಾದವಳೂ ನಾನೇ. ಮುದುಕನ ವಸ್ತ್ರವನ್ನೇ ಮೇಜಿನ ಮೇಲಿಟ್ಟೆ. ಕಾಫಿ ತರುತ್ತೇನೆ ಅಂದು ಒಳಗೆ ಓಡಿಬಂದೆ.

ಕಿಟಕಿಯಿಂದ ಕಾಣುತ್ತಿದೆ. ಅವನು ತುದಿ ಹಿಡಿದೆತ್ತಿದರೆ ಸಾಕು, ತೋಪು ನನ್ನದು. ತುದಿ ಹಿಡಿಯುತ್ತಿಲ್ಲ. ಮಡಿಕೆ ಬಿಚ್ಚಿ ಪೂರ್ತಿ ಎತ್ತಿಕೊಂಡಿದ್ದಾನೆ, ಎರಡೂ ಕೈಯಲ್ಲಿ. ಮುಖಕ್ಕೆ ಒತ್ತಿಕೊಂಡಿದ್ದಾನೆ. ಉಸಿರೆಳೆಯುತ್ತಿದ್ದಾನೆ. ಮತ್ತೆ ಎಳೆಯುತ್ತಿದ್ದಾನೆ. ಏನೋ ಹುಡುಕುವವನಂತೆ, ಬಟ್ಟೆ ತಿರುಗಿಸಿ ಇನ್ನೊಂದು ಕಡೆಯಿಂದ...

ರಬ್ಬಿ ತಲೆ ತಗ್ಗಿಸಿದ್ದಾರೆ. ಕಾಫಿ ಉಕ್ಕಿತು.

ಒಗೆಯಬಾರದಿತ್ತು ನಾನು. ಅದರಲ್ಲಿ ಈಗ ನನ್ನ ಸೋಪಿನ ವಾಸನೆ ಬಿಟ್ಟು ಬೇರೇನೂ —