ಗುಡ್ಡಕ್ಕೆ ಗಾಡಿಯಲ್ಲಿ ಬರುವ ಸೈಕಲ್ಲುಗಳು

ಗುಡ್ಡದ ಕಾಡಿನ ಉಸ್ತುವಾರಿ ಹೊತ್ತಿರುವ ಮಾನ್ಯ ಅಧಿಕಾರಿಗಳೇ,

ಗುಡ್ಡದ ಬುಡದಲ್ಲಿ ಬಸ್ಸು ತಿರುಗುವ ಜಾಗವನ್ನು ನೀವು ಸೈಕಲ್ ಸವಾರರ ವಾಹನ ನಿಲ್ದಾಣ ಮಾಡಲು ಹೊರಟಿದ್ದೀರಿ. ಬಸ್ಸು ಇನ್ನು ಮುಂದೆ ಕೆಳಗಿನ ಕವಲುದಾರಿಯಲ್ಲೇ ನಿಲ್ಲುತ್ತದಂತೆ. ಅಲ್ಲಿಂದ ಗುಡ್ಡದ ಬುಡಕ್ಕೆ ನನ್ನಂಥವರಿಗೆ ಒಂದು ಗಂಟೆಯ ನಡಿಗೆ. ಗುಡ್ಡಕ್ಕೆ ಬರುವವರು ಗುಡ್ಡ ಮುಟ್ಟುವ ಮೊದಲೇ ಸುಸ್ತಾಗಿ ವಾಪಸು ಹೋಗಲಿ ಎಂಬುದು ಕಾಡು ಕಾಯುವ ಹೊಸ ಉಪಾಯವಾಗಿದ್ದರೆ, ಅದನ್ನಾದರೂ ಪ್ರಕಟಣೆಯಲ್ಲಿ ಬರೆಯಬಹುದಿತ್ತು. ತೆಗೆದುಹಾಕಲಿರುವ ಬಸ್ ನಿಲ್ದಾಣದ ಕಂಬಕ್ಕೇ ಆ ಪ್ರಕಟಣೆಯನ್ನು ಅಂಟಿಸಿದ್ದೀರಿ. ಆಕ್ಷೇಪಣೆ ಇದ್ದವರು ತಿಳಿಸಬಹುದು ಎಂದು ಅದರ ಕೊನೆಯಲ್ಲಿದೆ. ನನಗೆ ಇದೆ.

ತಿಳಿಸಲು ನಿಮ್ಮ ಕಚೇರಿಗೂ ಬಂದಿದ್ದೆ. ಕಿಟಕಿಯ ಹಿಂದಿದ್ದ ಗುಮಾಸ್ತರು ಅರ್ಧ ಕೇಳಿ ಕೈ ಎತ್ತಿದರು. "ಮೇಡಂ, ನಿಮ್ಮದು ಪರಿಸರದ ವಿಷಯಾನಾ, ಬಸ್ಸಿನ ವಿಷಯಾನಾ? ಬಸ್ಸಿಂದಾದ್ರೆ ಇಲ್ಲಲ್ಲ. ಪರಿಸರದ್ದಾದ್ರೆ ಸಾಹೇಬ್ರು ಮೀಟಿಂಗಲ್ಲಿದ್ದಾರೆ." ನನ್ನ ವಿಷಯ ಎರಡೂ ಆಗಿತ್ತು. ಹಾಗಾಗಿ ಅದಕ್ಕೆ ಕಿಟಕಿ ಸಿಗಲಿಲ್ಲ. ಎಲ್ಲರೆದುರು ಬರೆಯುತ್ತಿರುವುದು ಅದಕ್ಕೇ.

ನೀವು ಕೊಟ್ಟಿರುವ ಕಾರಣವನ್ನು ನಾನು ಮತ್ತೆ ಮತ್ತೆ ಓದಿದ್ದೇನೆ: 'ಹೊಗೆರಹಿತ ಪ್ರವಾಸಕ್ಕೆ ಉತ್ತೇಜನ.' ಮೌಂಟನ್ ಬೈಕ್ ಎಂದು ಅವರು ಕರೆಯುವ, ದಪ್ಪ ಟೈರಿನ ಗುಡ್ಡದ ಸೈಕಲ್ಲಿಗೆ ಎಂಜಿನ್ ಇಲ್ಲ, ಹೊಗೆ ಇಲ್ಲ, ಸದ್ದಿಲ್ಲ. ಆದ್ದರಿಂದ ಅದರ ಸವಾರರು ಕಾಡಿನ ಮಿತ್ರರು. ಮಿತ್ರರಿಗೆ ಜಾಗ ಬೇಕು. ಆದ್ದರಿಂದ ಬಸ್ಸು ಹೋಗಬೇಕು. ತರ್ಕ ಚೆನ್ನಾಗಿದೆ, ಒಂದೇ ಒಂದು ಕಡೆ ಎಡವುತ್ತದೆ. ಸೈಕಲ್ಲಿನಲ್ಲಿ ಬರುವವರಿಗೆ ವಾಹನ ನಿಲ್ದಾಣ ಏಕೆ ಬೇಕು? ಈ ಪ್ರಶ್ನೆ ನಿಮ್ಮ ಕಚೇರಿಯಲ್ಲಿ ಯಾರ ಬಾಯಿಗೂ ಬರಲಿಲ್ಲವೇ? ಬಂದೂ ನುಂಗಿಕೊಂಡರೇ?

ಉತ್ತರ ನಿಮಗೂ ಗೊತ್ತು. ಆ ಸೈಕಲ್ಲುಗಳು ಇಲ್ಲಿಗೆ ತುಳಿದುಕೊಂಡು ಬರುವುದಿಲ್ಲ, ಹೊತ್ತು ತರಲ್ಪಡುತ್ತವೆ. ಮನೆಯ ಗೇಟಿನಷ್ಟು ಅಗಲದ ಮೂತಿಯ ಡೀಸೆಲ್ ಪಿಕಪ್ಪುಗಳು, ಏಣಿಯಿಲ್ಲದೆ ಹತ್ತಲಾಗದ ಜೀಪುಗಳು ನಗರದ ನಾಲ್ಕೂ ದಿಕ್ಕಿನಿಂದ ಭಾನುವಾರ ಬೆಳಿಗ್ಗೆ ಬರುತ್ತವೆ, ಒಂದೊಂದರ ಬೆನ್ನ ಮೇಲೆ ಎರಡೋ ಮೂರೋ ಸೈಕಲ್ಲು. ಬಂದ ಮೇಲಾದರೂ ಸೈಕಲ್ಲು ಗುಡ್ಡ ಹತ್ತುತ್ತದೆಯೇ? ಅದೂ ಇಲ್ಲ. ಒಂದು ಗಾಡಿಯನ್ನು ಬುಡದಲ್ಲಿ ಬಿಡುತ್ತಾರೆ. ಎಲ್ಲ ಸೈಕಲ್ಲುಗಳನ್ನೂ ಇನ್ನೊಂದಕ್ಕೆ ಹೇರಿಕೊಂಡು, ಬೆಂಕಿ ಬಿದ್ದರೆ ಹೋಗಲೆಂದು ನಿಮ್ಮವರು ಮಾಡಿದ್ದ ಮಣ್ಣಿನ ರಸ್ತೆಯಲ್ಲಿ ತುದಿಗೆ ಹೋಗುತ್ತಾರೆ. ಅಲ್ಲಿಂದ ಕಾಲುದಾರಿಯಲ್ಲಿ ಸೈಕಲ್ ಇಳಿಸುತ್ತಾರೆ. ಕೆಳಗಿನ ಗಾಡಿ ಹತ್ತಿ ಮತ್ತೆ ಮೇಲೆ, ಮತ್ತೆ ಕೆಳಗೆ. ದಿನವಿಡೀ ಗುಡ್ಡ ಹತ್ತುವುದು ಗಾಡಿ, ಹೆಸರು ಬರುವುದು ಸೈಕಲ್ಲಿಗೆ.

ನಿಮ್ಮ ಕಚೇರಿ ಈ ಬಗ್ಗೆ ಅಧ್ಯಯನವನ್ನೂ ಮಾಡಿಸಿದೆ. ಕಾಲುದಾರಿಯ ಮಣ್ಣಿನಲ್ಲಿ ಸೈಕಲ್ ಟೈರು ಎಷ್ಟು ಆಳ ಇಳಿಯುತ್ತದೆ, ಬೂಟುಗಾಲು ಎಷ್ಟು ಇಳಿಯುತ್ತದೆ ಎಂದು ಅಳೆದಿದ್ದೀರಿ. ಸೈಕಲ್ಲಿನಿಂದ ಆಗುವ ಹಾನಿ ನಡೆಯುವವರಿಂದ ಆಗುವುದಕ್ಕಿಂತ ಹೆಚ್ಚೇನಲ್ಲ ಎಂದು ತೀರ್ಮಾನಿಸಿದ್ದೀರಿ. ನಾನು ಒಪ್ಪುತ್ತೇನೆ. ಅಷ್ಟು ಬಗ್ಗಿ ಅಳೆದವರು ಒಮ್ಮೆ ತಲೆ ಎತ್ತಿದ್ದರೆ, ಆ ಸೈಕಲ್ಲನ್ನು ಹೊತ್ತು ತಂದದ್ದು ಪಕ್ಕದಲ್ಲೇ ಗುರುಗುಟ್ಟುತ್ತ ನಿಂತದ್ದು ಕಾಣುತ್ತಿತ್ತು. ಕಣ್ಣು ತಪ್ಪುವಷ್ಟು ಚಿಕ್ಕದೇನಲ್ಲ ಅದು. ಮಣ್ಣಿನ ರಸ್ತೆ ಈಗ ಎರಡು ಚರಂಡಿಗಳಾಗಿದೆ. ಮಳೆ ಬಂದರೆ ಆ ಚರಂಡಿಗಳ ಮಣ್ಣೆಲ್ಲ ತೊರೆಗೆ ಇಳಿದು, ತಳದ ಕಲ್ಲು ಕಾಣುತ್ತಿದ್ದ ನೀರು ಹಾಲು ಹಾಕಿದ ಚಹಾದಂತಾಗುತ್ತದೆ. ರಸ್ತೆಯ ಅಂಚಿನ ಎಲೆಗಳ ಮೇಲೆ ಬೆರಳಾಡಿಸಿದರೆ ಬೆರಳು ಕಪ್ಪಾಗುತ್ತದೆ. ಇವು ಯಾರ ಲೆಕ್ಕಕ್ಕೆ? ಬಸ್ಸಿನ ಲೆಕ್ಕಕ್ಕೋ?

ಪತ್ರವನ್ನು ಇಲ್ಲಿಯವರೆಗೆ ಓದಿ ನಿಮ್ಮ ಗುಮಾಸ್ತರಂತೆ ನೀವೂ ಕೈ ಎತ್ತಿ, "ಮೇಡಂ, ನಿಮಗೆ ಅವರನ್ನು ಕಂಡರೆ ಹೊಟ್ಟೆಕಿಚ್ಚು" ಎನ್ನಬಹುದು. ಹೌದು, ಹೊಟ್ಟೆಕಿಚ್ಚು. ಮುಚ್ಚಿಡುವ ಉದ್ದೇಶ ನನಗಿಲ್ಲ. ಅದಕ್ಕೆ ಡೀಸೆಲ್ಲಂತೂ ಬೇಕಾಗುವುದಿಲ್ಲ.

ನಾನು ಕೃತಕ ಹಲ್ಲಿನ ಸೆಟ್ಟುಗಳನ್ನು ತಯಾರಿಸುವ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ವಾರವಿಡೀ ಟ್ಯೂಬ್‌ಲೈಟಿನ ಕೆಳಗೆ ಕೂತು, ಮುಖ ನೋಡಿರದವರ ದವಡೆಯ ಅಚ್ಚಿಗೆ ಮೇಣ ತುಂಬಿ ಹಲ್ಲು ಜೋಡಿಸುವುದು, ಉಜ್ಜುವುದು, ಹೊಳಪು ಕೊಡುವುದು. ಸಂಜೆಗೆ ರೆಪ್ಪೆಯ ಮೇಲೂ ಪ್ಲಾಸ್ಟರಿನ ಪುಡಿ. ನಮ್ಮ ಯಜಮಾನರು ಕಿವಿ ಡಾಕ್ಟರೊಬ್ಬರ ಕ್ಲಿನಿಕ್ಕಿನಲ್ಲಿ ಕೇಳುವ ಶಕ್ತಿ ಪರೀಕ್ಷಿಸುವವರು. ಸದ್ದು ನುಗ್ಗದಂತೆ ಗೋಡೆಗೆ ಮೆತ್ತೆ ಬಡಿದ ಕೋಣೆಯ ಗಾಜಿನಾಚೆ ಕೂತು, "ಈಗ ಕೇಳಿಸಿತಾ? ಈಗ?" ಎನ್ನುವುದೇ ಅವರ ಕೆಲಸ. ಇಂಥ ಇಬ್ಬರಿಗೆ ಭಾನುವಾರದ ಗುಡ್ಡ ಎಂದರೆ ಏನೆಂದು ವಿವರಿಸಬೇಕಾಗಿಲ್ಲ. ಮದುವೆಯಾದ ವರ್ಷದಿಂದ ಅದೇ ಬಸ್ಸು, ಎರಡನೇ ಸಾಲಿನ ಅದೇ ಸೀಟು. ಕಿಟಕಿ ನನಗೆ. ಅರ್ಧ ಗುಡ್ಡದಲ್ಲಿ ಒಂದು ಚಪ್ಪಟೆ ಬಂಡೆಯಿದೆ. ಅಲ್ಲಿಂದಾಚೆಗೆ ನನ್ನ ಮಂಡಿ ಒಪ್ಪುವುದಿಲ್ಲ. ಬಂಡೆಯ ಮೇಲೆ ಕೂತು ಅವರು ಕಣ್ಣು ಮುಚ್ಚಿ, ಯಾವ ಹಕ್ಕಿ ಯಾವ ಕಡೆ, ಎಷ್ಟು ದೂರ ಎಂದು ಹೇಳುತ್ತಿದ್ದರು. ನನಗೆ ಅರ್ಧವೂ ಕೇಳಿಸುತ್ತಿರಲಿಲ್ಲ. ಕೇಳಿಸಿತು ಎನ್ನುತ್ತಿದ್ದೆ. ತುದಿಗೆ ಹೋಗೋಣ ಎಂದು ಅವರು ಒಂದು ದಿನವೂ ಕೇಳಿದವರಲ್ಲ.

ಕಳೆದ ವರ್ಷ ಕಿವಿ ಡಾಕ್ಟರಿಗೆ ಸೈಕಲ್ಲಿನ ಹುಚ್ಚು ಹಿಡಿಯಿತು. ಹೊಸದು ಕೊಂಡು ಹಳೆಯದನ್ನು ನಮ್ಮವರಿಗೆ ಕೊಟ್ಟರು. ಅದು ಈಗ ನಮ್ಮ ನಡುಮನೆಯಲ್ಲಿ, ಸೋಫಾ ಇದ್ದ ಜಾಗದಲ್ಲಿ ನಿಂತಿದೆ. ಸೋಫಾ ಬಾಲ್ಕನಿಗೆ ಹೋಯಿತು. ಭಾನುವಾರ ನಸುಕಿಗೆ ಕೆಳಗೆ ಪಿಕಪ್ಪಿನ ಹಾರ್ನ್ ಆದರೆ ನಮ್ಮವರು, ಐವತ್ತೆರಡರ ಮನುಷ್ಯ, ಎರಡೆರಡು ಮೆಟ್ಟಿಲು ಹಾರಿ ಇಳಿಯುತ್ತಾರೆ. ಆಮೇಲೆ ನಾನು ಬಾಗಿಲು ಹಾಕಿಕೊಂಡು ಬಸ್ಸಿಗೆ ಹೋಗುತ್ತೇನೆ. ಮೊದಲ ಕೆಲವು ವಾರ ಕಂಡಕ್ಟರು ಕೇಳದೆಯೇ ಎರಡು ಟಿಕೆಟ್ ಹರಿದುಬಿಡುತ್ತಿದ್ದರು. "ಕೈಗೆ ಅಭ್ಯಾಸ ಆಗ್ಬಿಟ್ಟಿದೆ ಅಮ್ಮಾ. ಏನ್ಮಾಡ್ಲಿ, ಇದಕ್ಕೆ ಇನ್ನೂ ಹೇಳಿಲ್ಲ ನಾನು" ಎಂದು ತಮ್ಮ ಕೈಯನ್ನೇ ಬೈದುಕೊಂಡರು.

ನನ್ನನ್ನು ಯಾರೂ ಕರೆಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಒಂದು ಭಾನುವಾರ ಡಾಕ್ಟರೇ, "ಬನ್ನಿ ಮೇಡಂ, ತುದಿ ತೋರಿಸ್ತೀವಿ" ಎಂದು ಮುಂದಿನ ಸೀಟಿನಲ್ಲಿ ಕೂರಿಸಿದರು. ಸೀಟು ಸೊಂಟಕ್ಕೆ ಆತುಕೊಳ್ಳುವಂತಿತ್ತು. ಒಳಗೆ ತಂಪು. ನನ್ನ ಮಂಡಿ ವರ್ಷಗಟ್ಟಲೆ ಬೇಡಿಕೊಂಡ ಚಪ್ಪಟೆ ಬಂಡೆ ಕಿಟಕಿಯ ಹೊರಗೆ ಸುಮ್ಮನೆ ದಾಟಿಹೋಯಿತು. ಹಿತವಾಗಿತ್ತು, ಮಾನ್ಯರೇ. ಹಿತವಾಗಿಲ್ಲದಿದ್ದರೆ ನನ್ನ ಹೊಟ್ಟೆ ಇಷ್ಟು ಉರಿಯುತ್ತಿರಲಿಲ್ಲ. ಆದರೆ ಬಾಗಿಲು ತೆರೆದಾಗ ನಾನು ಕಂಡ ತುದಿ, ಜನರೇಟರು ಓಡುವ ಆಸ್ಪತ್ರೆಯ ಹಿಂಭಾಗದಂತಿತ್ತು. ಸಾಲಾಗಿ ಗಾಡಿಗಳು. ಒಳಗಿನ ತಂಪು ಹೋಗದಿರಲೆಂದು ಕೆಲವುಗಳ ಎಂಜಿನ್ನು ನಿಲ್ಲಿಸಿರಲೇ ಇಲ್ಲ. ನಾನು ನಮ್ಮವರ ಕಡೆ ತಿರುಗಿ, "ಈಗ ಯಾವ ಹಕ್ಕಿ?" ಎಂದೆ. ಅವರು ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತ, "ಏನು? ಏನಂದೆ?" ಎಂದರು. ಪಿನ್ನು ಬಿದ್ದರೆ ಕೇಳಿಸುವ ಕಿವಿ ಅದು.

ಮುಂದಿನ ವಾರ ಮತ್ತೆ ಬಸ್ಸಿಗೆ ಬಂದೆ.

ಈಗ ನಾನು ಈ ಪತ್ರ ಬರೆಯುವಂತೆ ಮಾಡಿದ ಪ್ರಸಂಗ. ಹೋದ ತಿಂಗಳ ಒಂದು ಭಾನುವಾರ ಮಧ್ಯಾಹ್ನ ನಾನು ಬಂಡೆಯಿಂದ ಇಳಿದು ಬಂದು ಬಸ್ಸಿನಲ್ಲಿ ಕೂತಿದ್ದೆ. ಅಷ್ಟರಲ್ಲಿ ಡಾಕ್ಟರು, ನಮ್ಮವರು, ಜೊತೆಗೆ ಇನ್ನಿಬ್ಬರು ಕೆಸರು ಮೆತ್ತಿಕೊಂಡು ಕಾಲುದಾರಿಯಿಂದ ಸರ್ರನೆ ಇಳಿದು ತಮ್ಮ ಕೆಳಗಿನ ಗಾಡಿಯ ಹತ್ತಿರ ನಿಂತರು. ಡಾಕ್ಟರು ಜೇಬು ತಡಕಿದರು. ಇನ್ನೊಂದು ಜೇಬು ತಡಕಿದರು.

"ಈ ಗಾಡಿ ಕೀ ನಿಮ್ ಹತ್ರ ಇದೆ ಅಲ್ವಾ?"

"ನಿಮ್ ಜಾಕೆಟ್ಟಲ್ಲಿ ಇತ್ತಲ್ಲಾ ಸಾರ್," ನಮ್ಮವರು.

"ಜಾಕೆಟ್ ಎಲ್ಲಿ?"

"ಸೆಕೆ ಅಂತ ತೆಗೆದು ಮೇಲಿನ ಗಾಡೀಲಿ ಹಾಕಿದ್ರಿ."

ಕೆಳಗಿನ ಗಾಡಿಯ ಕೀ ಗುಡ್ಡದ ಮೇಲೆ. ಮೇಲಿನ ಗಾಡಿಯ ಕೀ ಡಾಕ್ಟರ ಕೈಯಲ್ಲಿ, ಗುಡ್ಡದ ಕೆಳಗೆ. ಬಸ್ಸಿಗೆ ಒರಗಿ ಚಹಾ ಕುಡಿಯುತ್ತಿದ್ದ ನಮ್ಮ ಡ್ರೈವರು ಮರ್ಯಾದೆಯಿಂದಲೇ, "ಸೈಕಲ್ ಇದೆಯಲ್ಲಾ ಸಾರ್, ಹತ್ತಿ ಹೋಗಿ ತಂದ್ಬಿಡಿ" ಎಂದರು.

"ಅಯ್ಯೋ, ಇದು ಹತ್ತೋ ಸೈಕಲ್ ಅಲ್ಲಪ್ಪಾ. ಇದರ ತೂಕ, ಇದರ ಗೇರು, ಎಲ್ಲಾ ಇಳಿಯೋದಕ್ಕೇ ಮಾಡಿರೋದು."

"ಇಳಿಯೋದಕ್ಕೆ ಮಾತ್ರಾನಾ?" ಡ್ರೈವರು ಲೋಟ ಕೊಡವಿದರು. "ಹಂಗಾದ್ರೆ ಅರ್ಧ ರೇಟಿಗೆ ಕೊಡ್ಬೇಕಿತ್ತು."

ಬಸ್ಸೆಲ್ಲ ನಕ್ಕಿತು. ನಾನೂ ನಕ್ಕೆ, ಸ್ವಲ್ಪ ಹೆಚ್ಚೇ ನಕ್ಕೆ. ಡಾಕ್ಟರು ಕ್ಲಿನಿಕ್ಕಿಗೆ ಫೋನು ಮಾಡಿ ಮೂರನೆಯ ಗಾಡಿ ತರಿಸಲು ಹೇಳಿದರು. ನಾಲ್ಕು ಸೈಕಲ್ಲು ಕೈಯಲ್ಲಿ ಹಿಡಿದುಕೊಂಡು, ಗುಡ್ಡದ ತುದಿಯಿಂದ ಒಂದು ಜಾಕೆಟ್ಟು ಇಳಿಸಲು, ನಗರದಿಂದ ಮತ್ತೊಂದು ಎಂಜಿನ್ನು! ನಿಮ್ಮ ಹೊಗೆರಹಿತ ಪ್ರವಾಸಕ್ಕೆ ನಾನು ಕೊಡಬಹುದಾದ ಸಾಕ್ಷ್ಯ ಇದಕ್ಕಿಂತ ಬೇರೆ ಇಲ್ಲ.

ನಾನು ಕಿಟಕಿಯಿಂದ ಬಗ್ಗಿ ಕರೆದೆ. "ರೀ, ಬಸ್ಸು ಹೊರಡತ್ತೆ. ಬನ್ನಿ."

"ಸೈಕಲ್ ಏನ್ಮಾಡ್ಲಿ? ಹತ್ತಿಸ್ಕೋತಾರಾ?"

"ನಮ್ದೇನೂ ಇಲ್ಲ ಸಾರ್, ಹತ್ತಿಸಿ. ನಿಮ್ ಜಾಗ ಖಾಲೀನೇ ಇದೆ," ಎಂದು ಕಂಡಕ್ಟರು ಇಳಿದುಹೋಗಿ ಹಿಂದಿನ ಚಕ್ರ ಹಿಡಿದರು. ನಮ್ಮವರು ಮುಂದಿನದು ಎತ್ತಿ ಒಂದು ಕಾಲನ್ನು ಬಸ್ಸಿನ ಮೆಟ್ಟಿಲ ಮೇಲೆ ಇಟ್ಟರು. ನಾನು ಆಗಲೇ ಸೀಟಿನ ಮೇಲಿದ್ದ ಚೀಲವನ್ನು ತೊಡೆಗೆ ತೆಗೆದುಕೊಂಡಿದ್ದೆ. ಆದರೆ ಆ ಸೈಕಲ್ಲಿನ ಹ್ಯಾಂಡಲ್ಲು ಹೋರಿಯ ಕೊಂಬಿನಂತೆ ಅಗಲ. ನೇರ ತಂದರೂ ಹಿಡಿಸಲಿಲ್ಲ, ಓರೆ ಮಾಡಿದರೂ ಹಿಡಿಸಲಿಲ್ಲ. ಒಳಗಿದ್ದವರು ಒಬ್ಬೊಬ್ಬರೂ ಒಂದೊಂದು ಉಪಾಯ ಹೇಳಿದರು. ಕೊನೆಗೆ ಅವರು ಮೆಟ್ಟಿಲಿನಿಂದ ಕಾಲು ತೆಗೆದು, "ನೀನು ಹೋಗಿರು. ನಾನು ಇವರ ಜೊತೆ ಬರ್ತೀನಿ" ಎಂದರು. ಆ ಹ್ಯಾಂಡಲ್ಲು ಒಂದು ಗೇಣು ಕಡಿಮೆ ಇದ್ದಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ.

ಬಸ್ಸು ತಿರುಗುವಾಗ ನನಗೆ ಕಂಡದ್ದು ಇದು. ನಾಲ್ವರೂ ಬೀಗ ಹಾಕಿದ ಗಾಡಿಗೆ ಒರಗಿ ನೆಲದ ಮೇಲೆ ಕೂತಿದ್ದರು. ಡಾಕ್ಟರು ಏನೋ ಹೇಳಿದರು. ನಮ್ಮವರು ತಲೆ ಹಿಂದಕ್ಕೆ ಹಾಕಿ, ಬಾಯಿ ತುಂಬ ನಕ್ಕರು. ಹಲ್ಲು ನೋಡುವುದು ನನ್ನ ಕಸುಬು. ಆ ಮನುಷ್ಯನ ಹಿಂದಿನ ದವಡೆಯ ಹಲ್ಲುಗಳನ್ನು ನಾನು ನೋಡಿ ಎಷ್ಟೋ ವರ್ಷವಾಗಿತ್ತು.

ಕವಲುದಾರಿ ದಾಟಿ ಎಷ್ಟೋ ದೂರ ಬಂದ ಮೇಲೆ ಮೂರನೆಯ ಗಾಡಿ ನಮಗೆ ಎದುರಾಗಿ ದೂಳೆಬ್ಬಿಸಿಕೊಂಡು ಹೋಯಿತು. ಕಂಡಕ್ಟರು ನನ್ನ ಕಡೆ ನೋಡಿ ಕಿಟಕಿಯ ಗಾಜು ಎಳೆದುಕೊಟ್ಟರು. ಅವತ್ತು ರಾತ್ರಿ ಊಟಕ್ಕೆ ಕೂತಾಗ ನಮ್ಮವರು ಕೀ ಮರೆತ ಕಥೆಯನ್ನೆಲ್ಲ ಹೇಳಿ, "ನೀನೂ ಇರ್ಬೇಕಿತ್ತು ಕಣೇ" ಎಂದರು.

"ಇದ್ದೆನಲ್ಲಾ," ಎಂದೆ.

ಮಾನ್ಯರೇ, ಅವರ ಸೈಕಲ್ಲು ಕಿತ್ತುಕೊಳ್ಳಿ ಎಂದು ನಾನು ಕೇಳುತ್ತಿಲ್ಲ. ಆ ನಗು ಎಲ್ಲಿಂದ ಬಂತೆಂದು ನೋಡಿದವಳು ಅದನ್ನು ಕೇಳಲಾರಳು. ಹೊಟ್ಟೆ ಉರಿಯುತ್ತದೆ, ಅಷ್ಟೆ. ಆದರೆ ಅವರನ್ನು ತುದಿಗೆ ಕರೆದೊಯ್ದು ಇಳಿಸುವುದಕ್ಕೆ ಇಡೀ ಗುಡ್ಡವೇ ಹೊಗೆ ಕುಡಿಯಬೇಕೇ? ನಲವತ್ತು ಜನರನ್ನು ಒಂದೇ ಎಂಜಿನ್ನಿನಲ್ಲಿ ತರುವ ಬಸ್ಸು ಪರಿಸರಕ್ಕೆ ಭಾರ, ನಾಲ್ವರನ್ನು ಮೂರು ಎಂಜಿನ್ನಿನಲ್ಲಿ ತರುವುದು ಹಗುರ ಎಂಬ ಗಣಿತವನ್ನು ನಿಮ್ಮ ಕಚೇರಿಗೆ ಯಾರು ಕಲಿಸಿದರು? ನೀವು ಈ ಗುಡ್ಡಕ್ಕೆ ಬರುವಾಗ ಯಾವುದರಲ್ಲಿ ಬರುತ್ತೀರಿ ಎಂದು ಕೇಳುವುದು ಸಭ್ಯತೆಯಲ್ಲ. ಆದ್ದರಿಂದ ಕೇಳುವುದಿಲ್ಲ.

ನಾನು ಕೇಳುವುದು ಇಷ್ಟು. ಬಸ್ಸು ತಿರುಗುವ ಜಾಗ ಬಸ್ಸಿಗೇ ಇರಲಿ. ಗಾಡಿಗಳು ಕವಲುದಾರಿಯಲ್ಲಿ ನಿಲ್ಲಲಿ. ಅಲ್ಲಿಂದ ಸವಾರರು ಸವಾರಿ ಮಾಡಲಿ, ಅದಕ್ಕೇ ಅಲ್ಲವೇ ಅವರನ್ನು ಸವಾರರು ಎನ್ನುವುದು? ಮಣ್ಣಿನ ರಸ್ತೆಗೆ ಗೇಟು ಹಾಕಿ, ಬೆಂಕಿ ಬಿದ್ದ ದಿನ ಮಾತ್ರ ತೆರೆಯಿರಿ. ಮುಂದಿನ ಸಲ ಅಳತೆಗೆ ಬಂದವರು ಗಾಡಿಯ ಗಾಲಿಯ ಗುರುತನ್ನೂ ಅಳೆಯಲಿ. ಕೊನೆಯದಾಗಿ, ಇದನ್ನು ದಯವಿಟ್ಟು ಬಸ್ಸಿನ ವಿಷಯವೆಂದು ಪಕ್ಕದ ಕಿಟಕಿಗೆ ತಳ್ಳಬೇಡಿ: ಬಸ್ಸಿನವರೊಂದಿಗೆ ಮಾತಾಡಿ, ಆ ಬಸ್ಸಿನ ಹಿಂದೆ ನಾಲ್ಕು ಸೈಕಲ್ ತೂಗುಹಾಕುವ ಕಬ್ಬಿಣದ ಚೌಕಟ್ಟು ಬೆಸುಗೆ ಹಾಕಿಸಿಕೊಡಿ. ಬಾಗಿಲಲ್ಲಿ ಹಿಡಿಸದ ಹ್ಯಾಂಡಲ್ಲು ಅಲ್ಲಿ ಹಿಡಿಸುತ್ತದೆ. ಡಾಕ್ಟರೂ ಬರಲಿ, ಜಾಕೆಟ್ಟನ್ನೂ ತರಲಿ. ಬೇಕಿದ್ದರೆ ಈ ಸಲ ಕಿಟಕಿಯ ಪಕ್ಕ ನಮ್ಮವರೇ ಕೂರಲಿ, ನಾನು ಆಚೆ ಸರಿಯುತ್ತೇನೆ.

ಇಂತಿ, ಸದ್ಯಕ್ಕೆ ಹೊಟ್ಟೆಕಿಚ್ಚಿನಿಂದಲೇ,
ಗುಡ್ಡದ ಬಸ್ಸಿನ ಎರಡನೇ ಸಾಲಿನಲ್ಲಿ, ಇಬ್ಬರ ಸೀಟಿನಲ್ಲಿ ಚೀಲ ಇಟ್ಟುಕೊಂಡು ಕೂತಿರುವ ಒಬ್ಬ ಪ್ರಯಾಣಿಕಳು