ಮೇಜು ಕಾಯುವವಳು

ಓಲೆಸುಂಡ್ ಬಂದರು, ನಾರ್ವೆ
ಹಡಗಿನ ಐದನೇ ಡೆಕ್ಕು, ಬುಧವಾರ, ೧೭ ಜೂನ್ ೨೦೦೯

ಪ್ರೀತಿಯ ಹೆಸ್ಟರ್ ಅಕ್ಕಾ,

ನಿನ್ನ ಮಂಡಿ ಹೇಗಿದೆ? ಫೈಲಿಯ ಕಡಲ ಗಾಳಿ ಮಂಡಿಗೆ ಒಳ್ಳೆಯದೆಂದು ನೆವಿಲ್ ಹೇಳುತ್ತಾನೆ, ಕೆಟ್ಟದ್ದೆಂದು ಡಾಕ್ಟರು ಹೇಳುತ್ತಾರೆ. ಮಂಡಿ ಏನು ಹೇಳುತ್ತದೆಂದು ಯಾರೂ ಕೇಳಿದಂತಿಲ್ಲ, ಅದಕ್ಕೇ ನಾನು ಕೇಳುತ್ತಿದ್ದೇನೆ. ನೆವಿಲ್‌ನ ಕೆಮ್ಮು ಇಳಿಯಿತೇ? ನಿಮ್ಮ ಮದುವೆಯ ದಿನ ಅವನು ಕೆಮ್ಮಿದ ರಭಸಕ್ಕೆ, ಯಾರೋ ಈ ಮದುವೆಗೆ ಆಕ್ಷೇಪಣೆ ಎತ್ತಿದರೆಂದು ತಿಳಿದು ಪಾದ್ರಿ ಪುಸ್ತಕದಿಂದ ತಲೆಯೆತ್ತಿ ನನ್ನ ಕಡೆಗೇ ನೋಡಿದ್ದರು. ಭಾವನ ಮೇಲೆ ನನಗೆ ದುರ್ಭಾವ ಎಳ್ಳಷ್ಟೂ ಇಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಇರುವುದು ನಿನ್ನ ಅಭಾವ, ಅಷ್ಟೆ. ಅರವತ್ತೊಂಬತ್ತರಲ್ಲಿ ಮದುವೆಯಾಗುವ ಅಕ್ಕನನ್ನು ತಡೆಯುವುದು ಹೊರಟ ಹಡಗನ್ನು ಹಗ್ಗ ಹಿಡಿದು ಎಳೆದಂತೆ. ಕೈ ಕೆಂಪಾಗುತ್ತದೆಯೇ ಹೊರತು ಹಡಗು ನಿಲ್ಲುವುದಿಲ್ಲ. ಫೋನ್ ಮಾಡಬಹುದಿತ್ತು, ನಿಜ. ಆದರೆ ನಿಮ್ಮ ಮನೆಯ ಫೋನನ್ನು ಎತ್ತುವವನು ನೆವಿಲ್, ಎತ್ತಿದ ಮೇಲೆ ಪಕ್ಕದಲ್ಲೇ ನಿಲ್ಲುವವನೂ ನೆವಿಲ್. ಕಾಗದವಾದರೆ ನಿನ್ನ ಹೆಸರಿಗೇ ಬರುತ್ತದೆ.

ನಿನ್ನ ಪ್ರಶ್ನೆಯನ್ನು ನಾನು ಮರೆತಿಲ್ಲ. ಸ್ಕಿಪ್ಟನ್ನಿನ ನಮ್ಮ ಮನೆಯನ್ನು ಮಾರಿ, ಫೈಲಿಗೆ ಬಂದು, ನಿಮ್ಮ ಹಿಂದಿನ ಕೋಣೆಯಲ್ಲಿ ನಿಮ್ಮಿಬ್ಬರ ಜೊತೆ ಇರುತ್ತೇನೆಯೋ ಇಲ್ಲವೋ? ಹಡಗಿನಿಂದ ಇಳಿಯುವುದರೊಳಗೆ ಹೇಳುತ್ತೇನೆಂದು ಮಾತು ಕೊಟ್ಟಿದ್ದೇನೆ. ಆ ಕೋಣೆಯಿಂದ ಸಮುದ್ರ ಕಾಣುತ್ತದೆ ಎಂದು ನೀನು ಹೇಳಿದ್ದೆ. ಈಗ ಹಗಲು ರಾತ್ರಿ ಸಮುದ್ರದ ಮೇಲೆಯೇ ಇರುವುದರಿಂದ ಆ ಆಸೆ ತಕ್ಕಮಟ್ಟಿಗೆ ತೀರಿದೆ. ಉತ್ತರ ಕೊಡುತ್ತೇನೆ, ಆದರೆ ಅದಕ್ಕೆ ಮುಂಚೆ ನನ್ನ ಮಧ್ಯಾಹ್ನದ ಊಟದ ಕಥೆ ಕೇಳಬೇಕು. ಎರಡಕ್ಕೂ ಸಂಬಂಧವಿದೆ. ಇಲ್ಲದಿದ್ದರೂ ನೀನು ಕೇಳಬೇಕು, ಏಕೆಂದರೆ ಬೇರೆ ಯಾರೂ ಕೇಳುತ್ತಿಲ್ಲ.

ಇಲ್ಲಿ ಹಡಗೆಂದರೆ ಅಡುಗೆ, ಅಡುಗೆಯೆಂದರೆ ಹಡಗು. ಹಸಿವೆಗೆ ಹುಟ್ಟಲು ಬಿಡುವೇ ಕೊಡುವುದಿಲ್ಲ. ರಾತ್ರಿಯ ಊಟದ್ದೇನೂ ತಕರಾರಿಲ್ಲ. ಮೇಜು, ಕುರ್ಚಿ, ಪಕ್ಕದವರು ಎಲ್ಲವನ್ನೂ ಅವರೇ ಗೊತ್ತುಮಾಡಿರುತ್ತಾರೆ, ನಾವು ಮಣಿಸರ ಹಾಕಿಕೊಂಡು ಹೋಗಿ ಕೂತರಾಯಿತು. ಬೆಳಗಿನ ತಿಂಡಿಯ ಹೊತ್ತಿಗೆ ಎಲ್ಲರೂ ಅರ್ಧ ನಿದ್ದೆಯಲ್ಲಿರುವುದರಿಂದ ಎಲ್ಲರೂ ಒಂಟಿಗಳೇ. ಮಧ್ಯಾಹ್ನಕ್ಕೆ ಮಾತ್ರ ‘ನಿಮ್ಮಿಷ್ಟ’ ಎಂದು ಬಿಟ್ಟುಬಿಡುತ್ತಾರೆ. ಎಲ್ಲಿ ಬೇಕಾದರೂ ಹೋಗಿ, ಏನು ಬೇಕಾದರೂ ತಿನ್ನಿ, ಹೇಗೆ ಬೇಕಾದರೂ ಬನ್ನಿ. ಒಂಟಿ ಹೆಂಗಸಿಗೆ ಈ ‘ನಿಮ್ಮಿಷ್ಟ’ದಷ್ಟು ಕಷ್ಟ ಇನ್ನೊಂದಿಲ್ಲ. ನೀನಿದ್ದಾಗ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ನೀನು ನಡೆಯುತ್ತಿದ್ದೆ, ನಾನು ಗೊಣಗುತ್ತಾ ಹಿಂದೆ ಬರುತ್ತಿದ್ದೆ, ಇಬ್ಬರಿಗೂ ಊಟ ಸಿಗುತ್ತಿತ್ತು.

ಮೊದಲ ದಿನ ಬಿಳಿ ಮೇಜುಬಟ್ಟೆಯ ದೊಡ್ಡ ಊಟದ ಮನೆಗೆ ಹೋದೆ. ಬಾಗಿಲಲ್ಲಿ ನಿಂತವನು, ಒಬ್ಬರೇನಾ ಮೇಡಂ, ಬೇರೆಯವರ ಜೊತೆ ಮೇಜು ಹಂಚಿಕೊಳ್ಳುತ್ತೀರಾ ಎಂದು ಕೇಳಿದ. ಇಲ್ಲ ಎನ್ನುವುದಕ್ಕೆ ಧೈರ್ಯ ಬೇಕು. ಹೂಂ ಎಂದೆ. ನಾಲ್ಕು ದಂಪತಿಗಳ ನಡುವೆ ಒಂಬತ್ತನೆಯ ಕುರ್ಚಿ ತಂದು ಸೇರಿಸಿದರು. ಅವರು ಹಿಂದೆ ಹತ್ತಿದ ಹಡಗುಗಳೆಲ್ಲ ಇದಕ್ಕಿಂತ ಚೆನ್ನಾಗಿದ್ದವಂತೆ. ಸೂಪು ಬರುವಷ್ಟರಲ್ಲಿ ಮೆಡಿಟರೇನಿಯನ್ ದಾಟಿದೆವು, ಮೀನು ಬರುವಷ್ಟರಲ್ಲಿ ಒಬ್ಬರ ಸೊಂಟದ ಆಪರೇಷನ್ ಮುಗಿದಿತ್ತು. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಕೊನೆಗೆ ಒಬ್ಬಾಕೆ ಮಾತ್ರ ನನ್ನ ಕೈ ತಟ್ಟಿ, ಒಬ್ಬರೇ ಬಂದಿದ್ದೀರಲ್ಲ, ಎಂಥ ಧೈರ್ಯ ಎಂದಳು. ಸಿಂಹದ ಬೋನಿಗೆ ಹೋದವರಿಗೆ ಹೇಳುವ ಧಾಟಿಯಲ್ಲಿ.

ಮರುದಿನ ಈಜುಕೊಳದ ಪಕ್ಕದ ಬಯಲು ಅಂಗಡಿ. ಬನ್ನಿನೊಳಗೆ ಮಾಂಸದ ಬಿಲ್ಲೆ, ಒಂದು ಹಿಡಿ ಆಲೂಗಡ್ಡೆ ಕಡ್ಡಿ, ಮೇಲೆ ಉತ್ತರ ಸಮುದ್ರದ ಗಾಳಿ ಉಚಿತ. ನಮ್ಮ ಜನ ಕಂಬಳಿ ಹೊದ್ದು, ಮೂಗು ಕೆಂಪಗೆ ಮಾಡಿಕೊಂಡು, ಬೇಸಿಗೆ ಎಷ್ಟು ಸೊಗಸಾಗಿದೆ ಎನ್ನುತ್ತಾ ತಿನ್ನುತ್ತಿದ್ದರು. ನನ್ನ ತಟ್ಟೆಯ ಸೊಪ್ಪಿನ ಎಲೆಯೊಂದು ಹಾರಿ, ಬಾಯಿ ತೆರೆದು ಮಲಗಿದ್ದ ಒಬ್ಬ ದಪ್ಪ ಮೀಸೆಯ ಮುದುಕರ ಹಣೆಯ ಮೇಲೆ ಕೂತಿತು. ಅವರು ಅದನ್ನು ಹಕ್ಕಿಯೆಂದು ಓಡಿಸಿದರು. ನಾನು ನಗುತ್ತಾ ಪಕ್ಕಕ್ಕೆ ತಿರುಗಿದೆ. ಪಕ್ಕದಲ್ಲಿ ಖಾಲಿ ಕುರ್ಚಿ. ನಗುವುದಕ್ಕೆ ಇನ್ನೊಬ್ಬರು ಬೇಕು ಅಕ್ಕಾ. ಒಬ್ಬಳೇ ನಕ್ಕರೆ ಜನ ಕುರ್ಚಿ ದೂರ ಎಳೆದುಕೊಳ್ಳುತ್ತಾರೆ.

ಆಮೇಲೆ ಎರಡು ದಿನ ಕ್ಯಾಬಿನ್ನಿಗೇ ಊಟ ತರಿಸಿಕೊಂಡೆ. ಹಾಸಿಗೆಯ ಮೇಲೆ ಟವೆಲು ಹಾಸಿ, ಕಿಟಕಿಗೆ ಎದುರಾಗಿ ಕೂತು ತಿಂದೆ. ಕಿಟಕಿಯ ತುಂಬ ಒಂದು ಕಿತ್ತಳೆ ಬಣ್ಣದ ಜೀವರಕ್ಷಕ ದೋಣಿ ನೇತಾಡುತ್ತದೆ. ಅದರಾಚೆ ನಾರ್ವೆ ಇದೆಯೆಂದು ಕೇಳಿದ್ದೇನೆ. ಎರಡನೆಯ ದಿನ ಸಂಜೆ, ಲಿಫ್ಟಿನಲ್ಲಿ ಅಂತಸ್ತು ಹೇಳುವ ಧ್ವನಿಗೆ ಥ್ಯಾಂಕ್ಸ್ ಎಂದೆ. ಆ ದಿನ ನಾನು ಆಡಿದ ಮೊದಲ ಮಾತು ಅದೇ ಎಂದು ಹೊಳೆದಾಗ ನಾಳೆ ಮೇಲಕ್ಕೆ ಹೋಗಿಯೇ ತೀರುವುದೆಂದು ನಿಶ್ಚಯಿಸಿದೆ.

ಮೇಲೆ ಎಂದರೆ ಹನ್ನೆರಡನೇ ಡೆಕ್ಕಿನ ಬಫೆ. ಅಲ್ಲಿ ಊಟಕ್ಕೆ ಓಟ. ಅನ್ನದ ಕಟ್ಟೆ ಒಂದು ಕಡೆ, ಮಾಂಸದ್ದು ಒಂದು ಕಡೆ, ಸಿಹಿ ಇನ್ನೊಂದು ಕಡೆ. ಯಾರಿಗೆ ಏನು ಬೇಕೋ ಅಲ್ಲಿಗೆ ನೇರ ಹೋಗಿ ತೆಗೆದುಕೊಳ್ಳಿ ಎಂದು ದಿನಾ ಧ್ವನಿವರ್ಧಕದಲ್ಲಿ ಕೂಗುತ್ತಾರೆ. ನಮ್ಮವರು ಕೇಳುತ್ತಾರೆಯೇ? ನೇರ ಹೋದರೆ ನುಗ್ಗಿದಂತಾಗುತ್ತದಲ್ಲ! ಬಾಗಿಲಿನಿಂದ ಒಂದೇ ಸಾಲು, ಮೊದಲ ಟೊಮೇಟೊ ಹೋಳಿನಿಂದ ಕೊನೆಯ ಬಿಸ್ಕತ್ತಿನವರೆಗೆ. ನಾನೂ ನಿಂತೆ. ಬಹಳ ಹೊತ್ತು ನಿಂತ ಮೇಲೆ ತಿಳಿಯಿತು, ನನ್ನ ಮುಂದಿದ್ದಾಕೆ ಸಾಲಿನಲ್ಲಿರಲಿಲ್ಲ, ಶೌಚಾಲಯಕ್ಕೆ ಹೋದ ಗಂಡನಿಗಾಗಿ ಕಾಯುತ್ತಿದ್ದಳು. ಅಷ್ಟರಲ್ಲಿ ನನ್ನ ಹಿಂದೆ ಮಹಡಿ ಮೆಟ್ಟಿಲವರೆಗೆ ಜನ. ಯಾರಿಗೂ ಹೇಳದೆ ನಾನು ಮೆಲ್ಲಗೆ ಜಾರಿಕೊಂಡೆ. ಆ ಸಾಲು ಇನ್ನೂ ಅಲ್ಲೇ ಇದ್ದರೂ ಇರಬಹುದು.

ಆದರೆ ನಿಜವಾದ ಬವಣೆ ಬಫೆಯದ್ದಲ್ಲ, ಮೇಜಿನದ್ದು. ಇಬ್ಬರಿದ್ದರೆ ಒಬ್ಬರು ತರುತ್ತಾರೆ, ಒಬ್ಬರು ಕಾಯುತ್ತಾರೆ. ಒಬ್ಬಳೇ ಇದ್ದರೆ? ತಟ್ಟೆ ಮುಗಿಸಿ ಸಿಹಿ ತರಲು ಎದ್ದೆ. ವಾಪಸು ಬರುವಷ್ಟರಲ್ಲಿ ನನ್ನ ಮೇಜು ಹೊಳೆಯುತ್ತಿತ್ತು, ಅದರ ಮೇಲೆ ಬೇರೆ ಯಾರದೋ ಸೂಪು. ಮೇಜು ಒರೆಸುವ ಇನಾಸ್ ಗೋವಾದವನು, ಅವನ ಕೈ ಮಿಂಚು. ಬಟ್ಟಲು ಹಿಡಿದು ಕಂಬಕ್ಕೊರಗಿ ನಿಂತೇ ತಿಂದೆ. ಮರುದಿನ ಜಾಣತನ ಮಾಡಿ ಕುರ್ಚಿಗೆ ನನ್ನ ನೀಲಿ ಸ್ವೆಟರು ಹಾಕಿ ಎದ್ದೆ. ಸಿಹಿಯ ಕಟ್ಟೆಯ ತನಕ ಓಡಿ ಬಂದ ಇನಾಸ್, ಇದನ್ನು ಮರೆತು ಬಂದಿದ್ದೀರಿ ಮೇಡಂ ಎಂದು ಅದನ್ನು ನನ್ನ ಹೆಗಲಿಗೆ ಹೊದಿಸಿದ. ಇಡೀ ಪ್ರಯಾಣದಲ್ಲಿ ನನ್ನನ್ನು ಯಾರಾದರೂ ಅಷ್ಟು ಅಕ್ಕರೆಯಿಂದ ಮುಟ್ಟಿದ್ದು ಅದೊಂದೇ ಸಲ. ಬೈಯಲು ಮನಸ್ಸಾಗಲಿಲ್ಲ. ಮೇಜು ಮಾತ್ರ ಹೋಗಿತ್ತು.

ಹೀಗೆ ಸ್ವೆಟರು ಹೊದ್ದು ಬಟ್ಟಲು ಹಿಡಿದು ದಿಕ್ಕಿಲ್ಲದೆ ನಿಂತಿದ್ದಾಗ ಕಿಟಕಿಯ ಪಕ್ಕದಿಂದ ಒಬ್ಬಾಕೆ ಕೈಬೀಸಿ ಕರೆದಳು. ಥೆಲ್ಮಾ, ಬಾರ್ನ್ಸ್‌ಲಿಯವಳು, ವಯಸ್ಸು ನನ್ನದೇ. ನಾಲ್ಕು ಕುರ್ಚಿಯ ಮೇಜಿಗೆ ಒಬ್ಬಳೇ ಕೂತು, ಒಂದು ಕುರ್ಚಿಗೆ ಕೈಚೀಲ, ಇನ್ನೊಂದಕ್ಕೆ ಗಂಡಸಿನ ಟೋಪಿ ಇಟ್ಟಿದ್ದಳು. ತಂಗಿ ಬೆರಿಲ್, ತಂಗಿಯ ಗಂಡ ರಾನ್ ಊಟ ತರಲು ಹೋಗಿದ್ದಾರೆ, ತಾನು ಮೇಜು ಕಾಯುತ್ತಿದ್ದೇನೆ, ನಾಲ್ಕನೆಯದು ಖಾಲಿ, ಕೂತುಕೊಳ್ಳಿ ಎಂದಳು. ಕೂತೆ. ತಾಯಿ ತೀರಿಕೊಂಡ ಮೇಲೆ ತಂಗಿಯ ಮನೆಯಲ್ಲೇ ಇದ್ದಾಳಂತೆ, ಹಿಂದಿನ ಕೋಣೆಯಲ್ಲಿ. ನನ್ನ ಕಿವಿ ನೆಟ್ಟಗಾದದ್ದು ಆಗ. ಹೇಗಿದೆ ಎಂದು ಕೇಳಿದೆ. ತುಂಬ ಚೆನ್ನಾಗಿ ನೋಡಿಕೊಳ್ಳುತ್ತಾರೆ ಎಂದಳು. ಅದು ಸುಳ್ಳಲ್ಲ. ರಾನ್ ಬಂದವನೇ ಅವಳ ಬೆನ್ನಿಗೆ ದಿಂಬು ಸರಿಮಾಡಿದ. “ನಮ್ಮ ಥೆಲ್ಮಾ ಕೂತ್ರೆ ಮುಗೀತು ನೋಡಿ, ರಾಣಿ ಬಂದ್ರೂ ಈ ಮೇಜು ಸಿಗಲ್ಲ,” ಎಂದು ನನಗೆ ಹೇಳಿದ. ಬೆರಿಲ್ ಅವಳ ಮುಂದೆ ಒಂದು ತಟ್ಟೆ ಇಟ್ಟಳು: ಮೊಟ್ಟೆಯ ಸ್ಯಾಂಡ್‌ವಿಚ್ಚು, ಅಂಚು ಕತ್ತರಿಸಿದ್ದು. ಗಂಡ ಹೆಂಡತಿಯ ತಟ್ಟೆಗಳಲ್ಲಿ ಸಾಲ್ಮನ್ನು, ಸೀಗಡಿ, ಹೆಸರು ಗೊತ್ತಿಲ್ಲದ ಮೂರು ಬಗೆಯ ಪಲ್ಯ. ಮರುದಿನವೂ ಹಾಗೆಯೇ, ಅವರಿಗೆ ಹೊಸದು, ಥೆಲ್ಮಾಗೆ ಮೊಟ್ಟೆ.

ಮೊನ್ನೆ ನಾನು ಹೋದಾಗ ಅವರಿಬ್ಬರೂ ಆಗಷ್ಟೇ ಸಾಲು ಸೇರಿದ್ದರು. ನಾನು ಮೇಜು ಕಾಯುತ್ತೇನೆ, ಇವತ್ತು ನೀವೇ ಹೋಗಿ ನಿಮಗೆ ಬೇಕಾದ್ದು ತನ್ನಿ ಎಂದೆ. ಹಡಗು ನಡೆಸಿ ಎಂದು ಹೇಳಿದೆನೋ ಎಂಬಂತೆ ಥೆಲ್ಮಾ ನನ್ನನ್ನು ನೋಡಿದಳು. ಬೇಡ ಬೇಡ ಎನ್ನುತ್ತಲೇ ಎದ್ದಳು. ನಾನು ಬಲು ಖುಷಿಯಲ್ಲಿದ್ದೆ ಅಕ್ಕಾ. ಮೇಷ್ಟರಗಿರಿ ಬಿಟ್ಟರೂ ಉದ್ಧಾರ ಮಾಡುವ ಚಟ ಬಿಡದಲ್ಲ. ಅವಳು ಖಾಲಿ ತಟ್ಟೆ ಹಿಡಿದು ಮೀನಿನ ಕಟ್ಟೆಯ ಮುಂದೆ ನಿಂತಳು. ಆಮೇಲೆ ಮಾಂಸದ ಮುಂದೆ. ಆಮೇಲೆ ಮತ್ತೆ ಮೀನು. ಜನ ಅವಳನ್ನು ಬಳಸಿಕೊಂಡು ಹೋಗುತ್ತಿದ್ದರು. ಕೊನೆಗೂ ವಾಪಸು ಬಂದಳು. ತಟ್ಟೆಯಲ್ಲಿ ಮೊಟ್ಟೆಯ ಸ್ಯಾಂಡ್‌ವಿಚ್ಚು. ಈ ಸಲ ಅಂಚು ಹಾಗೇ ಇತ್ತು.

“ಎಲ್ಲಾ ನೋಡ್ದೆ ಕಣ್ರೀ,” ಎಂದಳು, ನಗುತ್ತಲೇ. “ನಂಗೇನಿಷ್ಟ ಅಂತ ಬೆರಿಲ್‌ಗೆ ಚೆನ್ನಾಗಿ ಗೊತ್ತು. ನಂಗೇ ಜ್ಞಾಪಕ ಬರ್ಲಿಲ್ಲ.”

ಅಷ್ಟರಲ್ಲಿ ಬೆರಿಲ್ ಬಂದಳು. ಅಕ್ಕನ ಕೈಯಲ್ಲಿ ತಟ್ಟೆ ಕಂಡು ಮುಖ ಬಾಡಿತು. “ಯಾಕೆ ಹೋದೆ ನೀನು? ಬಿದ್ದುಗಿದ್ದಿದ್ರೆ? ನಾನು ತರ್ತಿದ್ನಲ್ಲ,” ಎಂದವಳು ನನ್ನ ಕಡೆ ತಿರುಗಿ, ಗುಟ್ಟು ಹೇಳುವಂತೆ, “ಅವಳಿಗೆ ಈ ಗಲಾಟೆ ಎಲ್ಲ ಆಗ್ಬರಲ್ಲ ಕಣಮ್ಮಾ,” ಎಂದಳು. ಥೆಲ್ಮಾ ಹೌದು ಹೌದು ಎಂದು ತಲೆಯಾಡಿಸಿದಳು. ಬೆರಿಲ್ ಚಾಕು ತೆಗೆದುಕೊಂಡು ಅಂಚು ಕತ್ತರಿಸಿದಳು. ಬೇಸರದಿಂದಲ್ಲ, ಪ್ರೀತಿಯಿಂದಲೇ. ರಾನ್ ತನ್ನ ತಟ್ಟೆಯ ಒಂದು ಸೀಗಡಿಯನ್ನು ಥೆಲ್ಮಾಗೆ ಕೊಡಲು ಹೋಗಿ, ಅವಳು ತಿನ್ನುವುದಿಲ್ಲ ಎಂದು ತಾನೇ ನೆನಪಿಸಿಕೊಂಡು, ಬಾಯಿಗೆ ಹಾಕಿಕೊಂಡ.

ನೀನೂ ನೆವಿಲ್ಲೂ ಅಂಥವರಲ್ಲ ಎಂದು ನೀನು ಈಗ ಹೇಳುತ್ತೀ. ರಾನ್, ಬೆರಿಲ್ ಕೂಡ ಅಂಥವರಲ್ಲ ಅಕ್ಕಾ. ಅದೇ ತೊಂದರೆ. ಕೆಟ್ಟವರಾಗಿದ್ದರೆ ಥೆಲ್ಮಾ ಜಗಳವಾಡಿ ಸೀಗಡಿ ತಿನ್ನುತ್ತಿದ್ದಳು.

ಇವತ್ತು ಎಲ್ಲರೂ ಊರು ನೋಡಲು ಇಳಿದಿದ್ದಾರೆ. ಹನ್ನೆರಡನೇ ಡೆಕ್ಕು ಬರಿದೋ ಬರಿದು. ಕಿಟಕಿಯ ಪಕ್ಕ ಇಬ್ಬರ ಮೇಜು ಸಿಕ್ಕಿತು; ಕೇಳುವವರೇ ಇಲ್ಲ. ಇನಾಸ್ ಬಂದು, ಎದುರುಗಡೆಯ ಚಮಚ, ಮುಳ್ಳುಚಮಚ, ಲೋಟ ಎಲ್ಲವನ್ನೂ ಸದ್ದಾಗದಂತೆ ಎತ್ತಿಕೊಂಡು ಹೋದ. ನಾನು ಮೀನು ತಂದೆ, ತಿಂದೆ. ಮೀನು ಸಪ್ಪೆ. ಉಪ್ಪು ಸಾಲದು ಎಂದು ಜೋರಾಗಿ ಹೇಳಿದೆ. ನೀನಿದ್ದಿದ್ದರೆ, ನಿನಗೆ ಯಾವತ್ತು ಸಾಕಾಗಿದೆ ಎನ್ನುತ್ತಿದ್ದೆ. ಯಾರೂ ಏನೂ ಎನ್ನಲಿಲ್ಲ. ಎದ್ದು ಹೋಗಿ ಸಿಹಿ ತಂದೆ, ಮೇಜು ಇದ್ದಲ್ಲೇ ಇತ್ತು. ಸೊಗಸಾಗಿತ್ತು ಎಂದು ಬರೆದರೆ ನೀನು ನಂಬುವುದಿಲ್ಲ, ಬರೆಯುವುದಿಲ್ಲ. ಒಂಟಿಯಾದವಳು ಒಂಟೆಯಂತಾಗಬೇಕು, ಒಮ್ಮೆ ಕುಡಿದ ನೀರಿನಲ್ಲಿ ಬಹಳ ದೂರ ನಡೆಯಬೇಕು. ಕಲಿಯುತ್ತಿದ್ದೇನೆ. ಬೆನ್ನಿನ ಗೂನಂತೂ ಆಗಲೇ ಬಂದಿದೆ.

ನೆವಿಲ್‌ಗೆ ನನ್ನ ನಮಸ್ಕಾರ ತಿಳಿಸು, ಎದೆಗೆ ಬೆಚ್ಚಗೆ ಸುತ್ತಿಕೊಳ್ಳಲು ಹೇಳು. ಮಂಡಿಯನ್ನು ಮುದ್ದುಮಾಡಬೇಡ, ನಡೆಸು. ಚಿಕ್ಕವಳು ಆಶೀರ್ವಾದ ಮಾಡಬಾರದಂತೆ. ಆದರೆ ಮದುವೆಯ ಮಟ್ಟಿಗೆ ನೀನಿನ್ನೂ ಎಳಸು, ಆದ್ದರಿಂದ ಇಬ್ಬರೂ ಸುಖವಾಗಿ ಬಾಳಿ ಎಂದು ತುಂಬುಮನಸ್ಸಿನಿಂದ ಹರಸುತ್ತೇನೆ.

ಯಾವತ್ತಿಗೂ ನಿನ್ನ,
ರೋಡಾ

ತಾ.ಕ.: ಅಂಚೆಚೀಲ ಕಟ್ಟುತ್ತಿದ್ದಾರೆ, ಬೇಗ ಬರೆಯುತ್ತೇನೆ. ಹಿಂದಿನ ಕೋಣೆಗೆ ನಾನು ಬರುವುದಿಲ್ಲ ಅಕ್ಕಾ, ಸ್ಕಿಪ್ಟನ್ನಿನಲ್ಲೇ ಇರುತ್ತೇನೆ. ಕೋಪ ಮಾಡಿಕೊಳ್ಳಬೇಡ, ಒತ್ತಾಯವನ್ನೂ ಮಾಡಬೇಡ, ಒತ್ತಾಯಿಸಿದರೆ ಒಪ್ಪಿಬಿಡುತ್ತೇನೆ. ಇನ್ನೊಂದು. ಇಪ್ಪತ್ತೆಂಟರ ಭಾನುವಾರ ನ್ಯೂಕಾಸಲ್ ಬಂದರಿಗೆ ನನ್ನನ್ನು ಕರೆದೊಯ್ಯಲು ಇಬ್ಬರೂ ಕಾರಿನಲ್ಲಿ ಬರುತ್ತೀರೆಂದು ಗೊತ್ತು. ನೆವಿಲ್‌ಗೆ ಏನಾದರೂ ನೆವ ಹೇಳಿ ನೀನೊಬ್ಬಳೇ ರೈಲಿನಲ್ಲಿ ಬಾ. ಎಲ್ಲಾದರೂ ಊಟಕ್ಕೆ ಕೂರೋಣ, ನಾವಿಬ್ಬರೇ. ಕತ್ತಲಾಗುವ ಮುಂಚೆ ಅವನ ಹತ್ತಿರ ಕಳಿಸಿಕೊಡುತ್ತೇನೆ.