ಪಾಪರ್ ದಾವೆ

ವಿಜಾಪುರ,
೧೪ ಮಾರ್ಚ್ ೧೯೬೧

ತಮ್ಮ ಧೂಳಪ್ಪನಿಗೆ,

ಅಣ್ಣನ ಆಶೀರ್ವಾದ. ನಾವು ಕ್ಷೇಮ. ಸೊಲ್ಲಾಪುರದಲ್ಲಿ ನೀನೂ ಮಕ್ಕಳೂ ಹಾಗೇ ಇದ್ದೀರೆಂದು ನಂಬಿದ್ದೇನೆ. ನಿನ್ನ ಪತ್ರ ಬಂದು ತಿಂಗಳಾಯಿತು. ಪರೀಕ್ಷೆಯ ಕೆಲಸವಿತ್ತು ಎಂದರೆ ಅರ್ಧ ನಿಜ. ತಂಗಿ ರೇಣವ್ವನ ವಿಚಾರಣೆ ಮುಗಿಯಲಿ ಎಂದು ಕಾಯುತ್ತಿದ್ದೆ.

ಮುಗಿಯಿತು. ಗಂಡ ತೀರಿದ ಮೇಲೆ ಬಬಲೇಶ್ವರದ ಮೈದುನರು ಹಿಡಿದುಕೊಂಡಿರುವ ಅವಳ ಪಾಲಿನ ಹೊಲಕ್ಕೆ ಇನ್ನು ದಾವೆ ನಡೆಯುತ್ತದೆ. ಕೋರ್ಟಿನ ಶುಲ್ಕ ಕಟ್ಟಲಾರದವಳೆಂದು ಒಪ್ಪಿ ಅವಳನ್ನು ಪಾಪರ್ ಎಂದು ಬರೆದುಕೊಂಡರು. ಶುಲ್ಕ ನಾನು ಕಟ್ಟುತ್ತೇನೆ ಎಂದಿದ್ದೆ.

"ಬ್ಯಾಡ ಯಣ್ಣಾ. ನೀ ರೊಕ್ಕಾ ಕಟ್ಟಿದ್ರ, ಆ ಹೊಲದಾಗ ನಿಂತರೂ ನಾ ನಿನ್ನ ಮನ್ಯಾಗ ನಿಂತಂಗ ಆಕ್ಕೈತಿ" ಎಂದಳು. ನಮ್ಮ ಮನೆ ಬಿಟ್ಟು ಇಬ್ರಾಹಿಂಪುರದಲ್ಲಿ ಬಾಡಿಗೆ ಕೋಣೆ ಹಿಡಿದ ದಿನವೂ ಇಷ್ಟೇ ಮೆತ್ತಗೆ ಮಾತಾಡಿದ್ದಳು.

ಪಾಪರ್ ಎಂಬ ಆ ಇಂಗ್ಲಿಷ್ ಪದದ ಮೂಲವನ್ನು ನಿಘಂಟಿನಲ್ಲಿ ಹುಡುಕಿದೆ. ಇಂಗ್ಲಿಷ್ ಮಾಸ್ತರನ ಚಟ. ಲ್ಯಾಟಿನ್ನಿನಿಂದ ಬಂದದ್ದು, ಸ್ವಲ್ಪವನ್ನಷ್ಟೇ ಹುಟ್ಟಿಸುವುದು ಎಂದು ಅರ್ಥ. ಮೊದಲು ಬಡ ಭೂಮಿಗೆ ಹೇಳುತ್ತಿದ್ದಿರಬೇಕು, ಆಮೇಲೆ ಮನುಷ್ಯರಿಗೆ ಅಂಟಿಕೊಂಡಿತು. ಸಮಾಧಾನವಾದೀತೆಂದು ಅವಳಿಗೆ ಹೇಳಿದೆ. ಕೂಲಿಗೆ ಕೌದಿ ಹೊಲಿಯುತ್ತಿದ್ದವಳು ಸೂಜಿಯಿಂದ ಕಣ್ಣೆತ್ತಲಿಲ್ಲ.

"ನನ್ನ ಪಾಲಿಂದು ಎರಿ ಹೊಲ, ಕರೀ ಮಣ್ಣು. ಅದಕ್ಕ ಹಂಗ ಅನಬ್ಯಾಡ. ನನಗ ಬೇಕಾದ್ದು ಅನ್ಕೋರಿ ಎಲ್ಲಾರೂ."

ಕೋರ್ಟಿನಲ್ಲಿ ಮೈದುನರ ವಕೀಲ ಕೇಳಿದ: "ಕ್ವಾಣಿ ತುಂಬ ಕೌದಿ ಒಟ್ಟೀಯಂತಲ್ಲ, ಅವು ಯಾರ ಆಸ್ತಿ?"

"ಮಂದೀವರಿ. ಹೊಲಿಯೂದಷ್ಟ ನಂದು. ಹೊದಿಯೂದು ಅವರದು."

ಜನ ನಕ್ಕರು. ನ್ಯಾಯಾಧೀಶರೂ ಕಾಗದದೊಳಗೆ ಮುಖ ಇಟ್ಟು ನಕ್ಕರು. ಅವಳು ನಗಲಿಲ್ಲ.

ಹೊಲ ಕೈಗೆ ಬಂದರೆ ಮೊದಲ ವರ್ಷ ಜೋಳ ಬಿತ್ತಿಸುತ್ತಾಳಂತೆ. ಬರಬಹುದು ಎಂದು ನಮ್ಮ ವಕೀಲರ ಅಭಿಪ್ರಾಯ. ನೀನು ರಜೆ ಹಾಕಿ ಬರುವ ಅಗತ್ಯವಿಲ್ಲ. ಗಿರಣಿಯ ಧೂಳಿನಲ್ಲಿ ಕೆಮ್ಮು ಬೆಳೆಸಿಕೊಳ್ಳಬೇಡ. ಮಕ್ಕಳು ಓದಲಿ. ನಿಮಗೆಲ್ಲ ಒಳಿತಾಗಲಿ.

ನಿನ್ನ ಅಣ್ಣ,
ಗೊಲ್ಲಾಳಪ್ಪ

ತಾ.ಕ. ಇದನ್ನು ಬರೆಯಬಾರದು ಎಂದುಕೊಂಡಿದ್ದೆ. ಕೊನೆಗೆ ಆ ವಕೀಲ, "ನಿನ್ನ ನೋಡ್ಕೊಳ್ಳೋ ಅಣ್ಣತಮ್ಮಂದಿರು ಯಾರೂ ಇಲ್ಲೇನು?" ಎಂದ. ನಾನು ಎದುರಿನ ಬೆಂಚಿನಲ್ಲೇ ಇದ್ದೆ. ಅವಳು ನನ್ನನ್ನೇ ನೋಡುತ್ತ, "ಇಲ್ಲರಿ" ಎಂದಳು. ಹಾಗಂದದ್ದು ದಾವೆಗಾಗಿ ಅಷ್ಟೆ ಎಂದು ಹೇಳಿಯಾಳೆಂದು ಸ್ಟೇಷನ್ ರಸ್ತೆಯವರೆಗೂ ಅವಳ ಜೊತೆ ನಡೆದೆ. ದಾರ ಕೊಂಡಳು. ಬಿಸಿಲಿನ ಮಾತಾಡಿದಳು. ನಿನ್ನ ಕೆಮ್ಮು ಹೇಗಿದೆ ಎಂದೂ ಕೇಳಿದಳು. ಅದೊಂದನ್ನು ಹೇಳಲಿಲ್ಲ.